ಧಾಟಿ ಕಡ ತರುವ ಮುನ್ನ

ಸಿನಗಾಗ್‌ನಲ್ಲಿ ಪ್ರಾರ್ಥನೆ ಹಾಡಿಸುವ ಹೊಣೆ ನಿಮ್ಮ ಪಾಲಿಗೆ ಬಂದಿದೆ, ಸಂತೋಷ. ಹೀಬ್ರೂ ಪದಗಳಿಗೆ ಹೊರಗಿನ ಧಾಟಿ ಹೊಂದಿಸುವ ಆಸೆಯೂ ನಿಮಗಿದೆ. ಅಂಜಬೇಡಿ, ಇದೇನೂ ನಿನ್ನೆ ಮೊನ್ನೆಯ ರೂಢಿಯಲ್ಲ. ಹನುಕ್ಕಾ ದೀಪ ಹಚ್ಚಿ ಹಾಡುವ ‘ಮಾಓಜ್ ತ್ಸೂರ್’ ಧಾಟಿಯ ಬೇರು ಜರ್ಮನ್ ಜನಪದದಲ್ಲಿದೆ. ಕೈರೋದ ಉಮ್ ಕುಲ್ಸುಮ್, ಅಬ್ದುಲ್ ವಹಾಬ್ ಅವರ ಹಾಡುಗಳ ಧಾಟಿ ಅಲೆಪ್ಪೊ ಮೂಲದ ಯಹೂದ್ಯರ ಜೊತೆ ಬ್ರೂಕ್ಲಿನ್ನಿನ ಪ್ರಾರ್ಥನೆಯವರೆಗೂ ಹೋಗಿದೆ. ಇಸ್ರೇಲಿನ ಮುಖ್ಯ ರಬ್ಬಿಯಾಗಿದ್ದ ಓವಾಡಿಯಾ ಯೋಸೆಫ್ ಅವರೇ ಅರಬ್ಬೀ ಧಾಟಿಗೆ ಒಪ್ಪಿಗೆ ಕೊಟ್ಟಿದ್ದರು.

ಹಾಗಂತ ಸಿಕ್ಕಿದ್ದನ್ನೆಲ್ಲ ತಂದು ತುರುಕುವ ಚಾಳಿ ಬಿಡಿ. ಚರ್ಚಿನ ಆರಾಧನೆಗೇ ಮೀಸಲಾದ ಧಾಟಿಗೆ ಕೈಹಾಕಬೇಡಿ. 17ನೇ ಶತಮಾನದಲ್ಲಿ ಪೋಲೆಂಡಿನ ರಬ್ಬಿ ಯೋಯೆಲ್ ಸಿರ್ಕಿಸ್ ಎಳೆದ ಗೆರೆ ಅದು. ಕೇಳಿದ ಕೂಡಲೇ ಜನರ ಬಾಯಿಗೆ ಮೂಲ ಹಾಡಿನ ಪದವೇ ಬರುವಂತಿದ್ದರೆ ಅದನ್ನೂ ಪಕ್ಕಕ್ಕಿಡಿ.

ನೀವು ಎಡವುವುದು ಪದದ ವಿಷಯದಲ್ಲಿ. ‘ಅದೋನ್ ಓಲಾಮ್’ನ ಪ್ರತಿ ಅರ್ಧ ಸಾಲಿಗೂ ಒಂದೇ ಅಳತೆ, ಎಂಟು ಉಚ್ಚಾರಾಂಶ. ಹಾಗಾಗಿ ಹೆಚ್ಚುಕಡಿಮೆ ಯಾವ ಧಾಟಿ ಕೊಟ್ಟರೂ ಕೂರುತ್ತದೆ. ಅದನ್ನು ಕಂಡು ಎಲ್ಲ ಪ್ರಾರ್ಥನೆಯೂ ಹೀಗೇ ಬಗ್ಗುತ್ತದೆಂದು ಹೊರಟುಬಿಡುತ್ತೀರಿ. ಗದ್ಯದಂತಿರುವ ಕದ್ದೀಶ್ ಹಾಗೆ ಬಗ್ಗುವುದಿಲ್ಲ. ಧಾಟಿ ಉದ್ದವಾಯಿತೆಂದು ಒಂದೇ ಪದವನ್ನು ಎರಡು ಮೂರು ಸಲ ಹೇಳುವುದು, ಗಿಡ್ಡವಾಯಿತೆಂದು ಪದ ನುಂಗುವುದು, ಉಸಿರಿಗಾಗಿ ವಾಕ್ಯವನ್ನು ನಡುವೆ ಕಡಿಯುವುದು, ಇದೆಲ್ಲ ಯಾಕೆ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಗುತ್ತದೆ. ಪದ ಮರುಕಳಿಸುವುದಕ್ಕೆ ರಬ್ಬಿಗಳ ಆಕ್ಷೇಪವೂ ಉಂಟು. ಮೊದಲು ಧಾಟಿಯಿಲ್ಲದೆ ಪಾಠವನ್ನು ಗಟ್ಟಿಯಾಗಿ ಓದಿ. ಅರ್ಥ ಎಲ್ಲಿ ನಿಲ್ಲುತ್ತದೋ ಅಲ್ಲಿ ಪೆನ್ಸಿಲಿನಲ್ಲಿ ಗೀಟು ಹಾಕಿ. ಕತ್ತರಿ ಆಡಿಸಲೇಬೇಕೆಂದರೆ ಧಾಟಿಯ ಮೇಲೆ ಆಡಿಸಿ.

ಯೋಮ್ ಕಿಪ್ಪುರ್ ಸಂಜೆಯ ‘ಕೋಲ್ ನಿದ್ರೇ’ಯನ್ನಂತೂ ಮುಟ್ಟಬೇಡಿ. ಊರಿನಲ್ಲಿ ರೂಢಿಯಾದ ಧಾಟಿ ಬದಲಿಸಬಾರದೆಂದು ಮಹಾರಿಲ್ ಎಂದು ಹೆಸರಾದ ರಬ್ಬಿ ಯಾಕೋಬ್ ಮೋಲಿನ್ 15ನೇ ಶತಮಾನದಷ್ಟು ಹಿಂದೆಯೇ ಹೇಳಿದ್ದಾರೆ. ವರ್ಷಕ್ಕೊಮ್ಮೆ ಆ ಧಾಟಿ ಕೇಳಲೆಂದೇ ಕೋಲೂರಿಕೊಂಡು ಬರುವವರಿದ್ದಾರೆ, ಅವರನ್ನು ನೋಯಿಸಬೇಡಿ. ಹೊಸದನ್ನು ಸಬ್ಬತ್ತಿನ ಕೊನೆಯ ಹಾಡಿಗೆ ತನ್ನಿ. ಅದಕ್ಕೂ ಮುಂಚೆ ಹಿರಿಯರೆದುರು ಹಾಡಿ, ಅವರ ಮುಖ ನೋಡಿ ತಿಳಿದುಕೊಳ್ಳಿ.

ಮೂಲವನ್ನು ಮುಚ್ಚಿಡಬೇಡಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವ ಬುದ್ಧಿ ಒಳ್ಳೆಯದಲ್ಲ. ಕವಿ ಇಸ್ರೇಲ್ ನಜಾರಾ ಅವರ ಪದ್ಯಗಳ ಸಂಕಲನ 1587ರಲ್ಲಿ ಸಫೇದಿನಲ್ಲಿ ಅಚ್ಚಾಯಿತು. ಪದ್ಯದ ತಲೆಯ ಮೇಲೆ ಅದು ಯಾವ ತುರ್ಕಿ ಅಥವಾ ಅರಬ್ಬೀ ಹಾಡಿನ ಧಾಟಿ ಎಂದು ಅವರು ನಮೂದಿಸುತ್ತಿದ್ದರು. ನೀವೂ ಹಂಚುವ ಹಾಳೆಯಲ್ಲಿ ಹಾಗೇ ಬರೆಯಿರಿ. ಧಾಟಿ ಕಟ್ಟಿದವರು ಬದುಕಿದ್ದರೆ ಅಚ್ಚು ಹಾಕಿಸುವ ಮುನ್ನ ಅವರನ್ನು ಒಂದು ಮಾತು ಕೇಳಿ.