ಮೊದಲು ಪರೀಕ್ಷೆ, ಅನಂತರ ಅಳವಡಿಕೆ: ಅರಿವು ಕೇಂದ್ರದ ಸರ್ವರ್ ಕುರಿತು ಸದಸ್ಯರಿಗೊಂದು ಪಾಠ

(ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳ ಗ್ರಾಮ ಪಂಚಾಯತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅಧ್ಯಯನಕ್ಕಾಗಿ)

1. ಪಾಠದ ಉದ್ದೇಶ

ಗ್ರಾಮ ಪಂಚಾಯತಿ ಗ್ರಂಥಾಲಯಗಳ ಹೊಣೆಯು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದಿತು. ಇಂದು ಅವು ‘ಅರಿವು ಕೇಂದ್ರ’ಗಳೆಂದು ಕರೆಯಲ್ಪಡುತ್ತಿವೆ. ಕೇಂದ್ರದಲ್ಲಿರುವ ಒಂದು ಗಣಕಯಂತ್ರವನ್ನೇ ಸ್ಥಳೀಯ ಸರ್ವರ್ ಆಗಿ ಬಳಸಿಕೊಂಡರೆ, ಕರ್ನಾಟಕ ಪಠ್ಯಪುಸ್ತಕ ಸಂಘದ ಪಿಡಿಎಫ್ ಪುಸ್ತಕಗಳು, ಪಂಚಾಯತಿಯ ಆಯವ್ಯಯ, ಗ್ರಾಮಸಭೆಯ ನಡವಳಿ ಹಾಗೂ ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಬಿ) ಅಡಿಯಲ್ಲಿ ಪ್ರಕಟಿಸಬೇಕಾದ ಮಾಹಿತಿಯನ್ನು ಆ ಕಟ್ಟಡದ ವೈ-ಫೈ ವ್ಯಾಪ್ತಿಯೊಳಗೆ ಯಾರು ಬೇಕಾದರೂ ಓದಬಹುದು. ಅದಕ್ಕೆ ಅಂತರ್ಜಾಲ ಸಂಪರ್ಕವೂ ಬೇಕಿಲ್ಲ.

ಇ-ಸ್ವತ್ತು, ಪಂಚತಂತ್ರ 2.0 ಮುಂತಾದ ತಂತ್ರಾಂಶಗಳ ಸರ್ವರುಗಳು ರಾಜ್ಯ ಮಟ್ಟದಲ್ಲಿವೆ. ಅವುಗಳ ಮೇಲೆ ಪಂಚಾಯತಿಗೆ ಹಿಡಿತವಿಲ್ಲ. ಆದರೆ ಅರಿವು ಕೇಂದ್ರದ ಸರ್ವರ್ ಪಂಚಾಯತಿಯ ಸ್ವಂತ ಆಸ್ತಿ. ಅದು ನಿಂತರೆ ಕೇಳಬೇಕಾದವರೂ, ಉತ್ತರಿಸಬೇಕಾದವರೂ ನಾವೇ. ಸದಸ್ಯರು ಆಜ್ಞೆಗಳನ್ನು ತಾವೇ ಟೈಪು ಮಾಡಬೇಕೆಂಬುದು ಈ ಪಾಠದ ಆಶಯವಲ್ಲ. ಕೆಲಸ ಸರಿಯಾಗಿ ನಡೆದಿದೆಯೇ ಎಂದು ಸಭೆಯಲ್ಲಿ ಕೇಳಲು ಬೇಕಾದಷ್ಟು ತಿಳಿವಳಿಕೆಯನ್ನು ಒದಗಿಸುವುದೇ ಇದರ ಗುರಿ.

2. ಸಂರಚನಾ ಕಡತ ಎಂದರೇನು?

ಸರ್ವರ್ ತಂತ್ರಾಂಶವು ತಾನಾಗಿ ಏನನ್ನೂ ನಿರ್ಧರಿಸುವುದಿಲ್ಲ. ಯಾವ ಸಂಖ್ಯೆಯ ದ್ವಾರದಲ್ಲಿ ಕೋರಿಕೆಗಳಿಗೆ ಕಿವಿಗೊಡಬೇಕು, ಪುಟಗಳನ್ನು ಯಾವ ಕಡತಕೋಶದಿಂದ ತೆಗೆದುಕೊಡಬೇಕು ಎಂಬುದನ್ನೆಲ್ಲ ಒಂದು ಸಾದಾ ಪಠ್ಯ ಕಡತದಲ್ಲಿ ಸಾಲುಸಾಲಾಗಿ ಬರೆದಿಡಲಾಗುತ್ತದೆ. ಇದೇ ಸಂರಚನಾ ಕಡತ; ಬಳಕೆಯ ಮಾತಿನಲ್ಲಿ ಕಾನ್ಫಿಗರೇಶನ್ ಫೈಲ್. ಸರ್ವರ್ ಪ್ರಾರಂಭವಾಗುವಾಗ ಈ ಕಡತವನ್ನು ಓದಿಕೊಂಡು ಅದರಂತೆ ನಡೆಯುತ್ತದೆ.

ರಬಕವಿ-ಬನಹಟ್ಟಿಯ ಸದಸ್ಯರಿಗೆ ಜಕಾರ್ಡ್ ಮಗ್ಗದ ನಿದರ್ಶನ ಸುಲಭವಾಗಿ ತಿಳಿದೀತು. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಈ ವ್ಯವಸ್ಥೆಯಲ್ಲಿ, ರಟ್ಟಿನ ಕಾರ್ಡುಗಳ ರಂಧ್ರಗಳು ಹಾಸಿನ ಯಾವ ಎಳೆ ಮೇಲೇಳಬೇಕೆಂಬುದನ್ನು ನಿರ್ಧರಿಸುತ್ತವೆ. ಕಾರ್ಡಿನಲ್ಲಿ ಒಂದು ರಂಧ್ರ ತಪ್ಪಿದರೆ ಮಗ್ಗ ದೂರುವುದಿಲ್ಲ. ಅದೇ ತಪ್ಪನ್ನು ಸೀರೆಯುದ್ದಕ್ಕೂ ನೇಯುತ್ತ ಹೋಗುತ್ತದೆ. ಆದ್ದರಿಂದಲೇ ಅನುಭವಿ ನೇಕಾರನು ಮಗ್ಗ ಹೂಡುವ ಮುನ್ನ ಕಾರ್ಡುಗಳನ್ನೂ ಎಳೆಗಳನ್ನೂ ಪರಿಶೀಲಿಸುತ್ತಾನೆ. ಸಂರಚನಾ ಕಡತಕ್ಕೂ ಇದೇ ಶಿಸ್ತು ಅನ್ವಯಿಸುತ್ತದೆ.

3. ಕೆಲಸದ ಐದು ಹಂತಗಳು

ಉಚಿತವಾಗಿ ದೊರೆಯುವ, 2004ರಿಂದ ಸಾರ್ವಜನಿಕ ಬಳಕೆಯಲ್ಲಿರುವ ‘ಎಂಜಿನ್‌ಎಕ್ಸ್’ ಎಂಬ ಸರ್ವರ್ ತಂತ್ರಾಂಶವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಲಿನಕ್ಸ್ ಗಣಕಯಂತ್ರದಲ್ಲಿ ‘ಟರ್ಮಿನಲ್’ ಎಂಬ ಕಿಟಕಿಯನ್ನು ತೆರೆದು ಅದರಲ್ಲಿ ಆಜ್ಞೆಯನ್ನು ಟೈಪು ಮಾಡಬೇಕು. ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪು ಮಾಡತಕ್ಕದ್ದು. ಇಲ್ಲಿ ಅವುಗಳ ಉಚ್ಚಾರವನ್ನು ಮಾತ್ರ ಕೊಡಲಾಗಿದೆ.

(ಅ) ಪ್ರತಿ ತೆಗೆಯುವುದು. ಕಡತವನ್ನು ಮುಟ್ಟುವ ಮುನ್ನ ಅದರ ಒಂದು ಪ್ರತಿಯನ್ನು ದಿನಾಂಕ ಸಹಿತ ಬೇರೆ ಹೆಸರಿನಲ್ಲಿ ಉಳಿಸಿಡಬೇಕು. ಇದಕ್ಕೆ ‘ಸಿಪಿ’ ಎಂಬ ಆಜ್ಞೆಯಿದೆ.

(ಆ) ತಿದ್ದುವುದು. ಸಾದಾ ಪಠ್ಯ ಸಂಪಾದಕದಲ್ಲಿಯೇ ತಿದ್ದಬೇಕು. ಪತ್ರ ಬರೆಯುವ ತಂತ್ರಾಂಶದಿಂದ ನಕಲು ಮಾಡಿ ಅಂಟಿಸಿದರೆ ನೇರ ಉದ್ಧರಣ ಚಿಹ್ನೆಗಳ ಬದಲಿಗೆ ಬಾಗಿದ ಚಿಹ್ನೆಗಳು ಸೇರಿಕೊಳ್ಳುತ್ತವೆ. ಸರ್ವರ್ ಅವನ್ನು ಉದ್ಧರಣ ಚಿಹ್ನೆಗಳೆಂದು ಪರಿಗಣಿಸುವುದಿಲ್ಲ. ದ್ವಾರದ ಸಂಖ್ಯೆಯನ್ನು 80 ಎಂದೇ ಬರೆಯಬೇಕು. ೮೦ ಎಂದು ಕನ್ನಡ ಅಂಕಿಗಳಲ್ಲಿ ಬರೆಯಲಾಗದು. ಆದರೆ # ಚಿಹ್ನೆಯಿಂದ ಪ್ರಾರಂಭವಾಗುವ ಸಾಲು ಟಿಪ್ಪಣಿಯೆಂದು ಪರಿಗಣಿತವಾಗುತ್ತದೆ; ಸರ್ವರ್ ಅದನ್ನು ಬಿಟ್ಟು ಮುಂದಕ್ಕೆ ಓದುತ್ತದೆ. ಅಲ್ಲಿ ಯೂನಿಕೋಡ್ ಕನ್ನಡದಲ್ಲಿಯೇ ಯಾರು, ಯಾವಾಗ, ಯಾವ ಠರಾವಿನ ಮೇರೆಗೆ ತಿದ್ದಿದರು ಎಂದು ಬರೆದಿಡುವುದು ಉತ್ತಮ ರೂಢಿ.

(ಇ) ಪರೀಕ್ಷಿಸುವುದು. ‘ಸುಡೊ ಎಂಜಿನ್‌ಎಕ್ಸ್ -ಟಿ’ ಎಂಬ ಆಜ್ಞೆಯನ್ನು ಕೊಡಬೇಕು. ಈ ಆಜ್ಞೆಯು ನಡೆಯುತ್ತಿರುವ ಸರ್ವರನ್ನು ಮುಟ್ಟದೆ, ಕಡತವನ್ನು ಮಾತ್ರ ಓದಿ ನೋಡುತ್ತದೆ. ಸರಿಯಿದ್ದರೆ ರಚನೆ ಸರಿಯಿದೆಯೆಂದೂ ಪರೀಕ್ಷೆ ಯಶಸ್ವಿಯೆಂದೂ ಎರಡು ಸಾಲು ಮೂಡುತ್ತವೆ. ತಪ್ಪಿದ್ದರೆ ಕಡತದ ಹೆಸರು ಹಾಗೂ ಸಾಲಿನ ಸಂಖ್ಯೆ ಬರುತ್ತದೆ. ಪ್ರತಿ ಸೂಚನೆಯ ಕೊನೆಗೆ ಅರ್ಧವಿರಾಮ ಚಿಹ್ನೆ (;) ಕಡ್ಡಾಯ. ಅದು ಬಿಟ್ಟುಹೋದಾಗ ತೋರಿಸಲಾಗುವ ಸಾಲು ಅನೇಕ ವೇಳೆ ಮುಂದಿನ ಸಾಲಾಗಿರುತ್ತದೆ. ಆದ್ದರಿಂದ ಅದರ ಮೇಲಿನ ಸಾಲನ್ನೂ ನೋಡಬೇಕು.

(ಈ) ಅಳವಡಿಸುವುದು. ಪರೀಕ್ಷೆ ಯಶಸ್ವಿಯಾದ ನಂತರವಷ್ಟೇ ‘ಸುಡೊ ಎಂಜಿನ್‌ಎಕ್ಸ್ -ಎಸ್ ರೀಲೋಡ್’ ಎಂಬ ಆಜ್ಞೆಯನ್ನು ಕೊಡಬೇಕು. ಆಗ ಸರ್ವರ್ ನಿಲ್ಲದೆಯೇ ಹೊಸ ಸೂಚನೆಗಳನ್ನು ಸ್ವೀಕರಿಸುತ್ತದೆ. ಅರ್ಧ ಪುಸ್ತಕ ಇಳಿಸಿಕೊಂಡಿರುವ ವಿದ್ಯಾರ್ಥಿಗೆ ಅಡ್ಡಿಯಾಗುವುದಿಲ್ಲ. ಹೊಸ ಕಡತದಲ್ಲಿ ದೋಷವಿದ್ದರೆ ಹಳೆಯ ಸೂಚನೆಗಳಂತೆಯೇ ಕೆಲಸ ಮುಂದುವರಿಯುತ್ತದೆ. ಎರಡೂ ಆಜ್ಞೆಗಳ ನಡುವೆ && ಚಿಹ್ನೆಯನ್ನಿಟ್ಟು ಒಂದೇ ಸಾಲಿನಲ್ಲಿ ಬರೆದರೆ, ಮೊದಲನೆಯದು ಯಶಸ್ವಿಯಾದಾಗ ಮಾತ್ರ ಎರಡನೆಯದು ನಡೆಯುತ್ತದೆ. ಇದನ್ನೇ ರೂಢಿಯಾಗಿಸಿಕೊಳ್ಳುವುದು ಲೇಸು.

(ಉ) ಕಣ್ಣಾರೆ ನೋಡುವುದು. ಬೇರೊಂದು ಮೊಬೈಲಿನಿಂದ ಪುಟವನ್ನು ತೆರೆದು, ಒಂದು ಪುಸ್ತಕವನ್ನಾದರೂ ಇಳಿಸಿಕೊಂಡು ನೋಡಬೇಕು.

4. ವಿದ್ಯುತ್ ಹೋಗಿ ಬಂದಾಗ

ಪರೀಕ್ಷೆಯನ್ನು ಬಿಟ್ಟುಬಿಟ್ಟರೆ ಏನಾಗುತ್ತದೆ ಎಂಬುದನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ಸರ್ವರ್ ಕಡತವನ್ನು ಓದುವುದು ಪ್ರಾರಂಭವಾಗುವಾಗ ಮತ್ತು ರೀಲೋಡ್ ಆಜ್ಞೆ ಬಂದಾಗ ಮಾತ್ರ. ಯಾರೋ ಒಬ್ಬರು ಕಡತವನ್ನು ತಿದ್ದಿ, ಅರ್ಧವಿರಾಮವನ್ನು ಮರೆತು, ಉಳಿಸಿ ಹೋದರೆಂದು ಭಾವಿಸೋಣ. ಅಂದು ಏನೂ ಆಗದು. ಸರ್ವರ್ ಹಳೆಯ ಸೂಚನೆಗಳಂತೆ ವಾರಗಟ್ಟಲೆ ನಡೆಯುತ್ತಿರುತ್ತದೆ. ಬಿಲ್ಲೂ ಪಾವತಿಯಾಗಿರುತ್ತದೆ. ಒಂದು ರಾತ್ರಿ ವಿದ್ಯುತ್ ಹೋಗಿ ಬರುತ್ತದೆ. ಗಣಕಯಂತ್ರ ಮತ್ತೆ ಚಾಲನೆಗೊಂಡು ಕಡತವನ್ನು ಹೊಸದಾಗಿ ಓದುವಾಗ ದೋಷಕ್ಕೆ ಎಡವಿ, ಸರ್ವರ್ ಪ್ರಾರಂಭವಾಗುವುದೇ ಇಲ್ಲ.

ಆಗ ಎಲ್ಲರೂ ವಿದ್ಯುತ್ತನ್ನೇ ದೂರುತ್ತಾರೆ, ಇಲ್ಲವೇ ಯಂತ್ರ ಸುಟ್ಟಿತೆಂದು ಹೊಸದನ್ನು ಖರೀದಿಸುವ ಮಾತೆತ್ತುತ್ತಾರೆ. ಪರೀಕ್ಷೆಯ ದಿನಗಳು ಹತ್ತಿರವಿರುವ ಹತ್ತನೆಯ ತರಗತಿಯ ಮಕ್ಕಳು ಬರಿಗೈಯಲ್ಲಿ ಮರಳುತ್ತಾರೆ. ಒಂದು ಆಜ್ಞೆಯನ್ನು ಅಂದೇ ಕೊಟ್ಟಿದ್ದರೆ ತಪ್ಪು ಅಂದೇ, ತಿದ್ದಿದವರ ಎದುರಿನಲ್ಲಿಯೇ ಕಾಣುತ್ತಿತ್ತು. ಸರ್ವರ್ ಏಳದಿದ್ದಾಗಲೂ ಮೊದಲು ಮಾಡಬೇಕಾದುದು ಇದೇ ಪರೀಕ್ಷೆ. ಖರೀದಿಯ ಪ್ರಸ್ತಾವನೆ ಅದರ ನಂತರದ್ದು.

5. ಪರೀಕ್ಷೆಯ ಮಿತಿ

ಪರೀಕ್ಷಾ ಆಜ್ಞೆಯು ಬರವಣಿಗೆಯ ರೂಪವನ್ನು ನೋಡುತ್ತದೆಯೇ ಹೊರತು ಅದರ ಸತ್ಯಾಸತ್ಯತೆಯನ್ನಲ್ಲ. ಇ-ಸ್ವತ್ತಿನ ನಮೂನೆ-9ರ ಎಲ್ಲ ಅಂಕಣಗಳೂ ಭರ್ತಿಯಾಗಿದ್ದು, ಚೆಕ್ಕುಬಂದಿಯಲ್ಲಿ ಪೂರ್ವದ ಆಸ್ತಿ ಪಶ್ಚಿಮಕ್ಕೆ ಬರೆಯಲ್ಪಟ್ಟಿದ್ದರೆ ಅಂಕಣ ಖಾಲಿಯಿಲ್ಲವೆಂಬ ಮಾತ್ರಕ್ಕೆ ದಾಖಲೆ ಸರಿಯಾಗದು. ಸ್ಥಳಕ್ಕೆ ಹೋಗಿ ನೋಡಿದವರಿಗಷ್ಟೇ ತಪ್ಪು ತಿಳಿಯುತ್ತದೆ.

ಹಾಗೆಯೇ, ಪಠ್ಯಪುಸ್ತಕಗಳ ಕೋಶದ ಹೆಸರನ್ನು ಕಡತದಲ್ಲಿ ಒಂದಕ್ಷರ ತಪ್ಪಾಗಿ ಬರೆದಿದ್ದರೂ ಪರೀಕ್ಷೆ ಯಶಸ್ವಿಯೆಂದೇ ಬರುತ್ತದೆ. ಆ ಕೋಶ ನಿಜವಾಗಿ ಇದೆಯೇ ಎಂದು ಅದು ನೋಡುವುದಿಲ್ಲ. ವಿದ್ಯಾರ್ಥಿಗೆ ಮಾತ್ರ ಪುಸ್ತಕದ ಬದಲು 404 ಎಂಬ ದೋಷಸಂಖ್ಯೆ ಕಾಣಿಸುತ್ತದೆ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಜಾಲಪುಟವನ್ನು ಆ ಅಕ್ಷರಶೈಲಿಯಿಲ್ಲದ ಮೊಬೈಲಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಇದನ್ನೂ ಪರೀಕ್ಷೆ ಹಿಡಿಯದು. ಐದನೆಯ ಹಂತವನ್ನು ಬಿಡಬಾರದೆಂಬುದು ಇದಕ್ಕಾಗಿಯೇ.

6. ಸದಸ್ಯರು ಸಭೆಯಲ್ಲಿ ಕೇಳಬೇಕಾದುದು

ಚರಂಡಿಯ ಕಾಮಗಾರಿಗೆ ಅಳತೆ ಪುಸ್ತಕ ನೋಡದೆ ನಾವು ಬಿಲ್ಲು ಅಂಗೀಕರಿಸುವುದಿಲ್ಲ. ಕಣ್ಣಿಗೆ ಕಾಣದ ಕೆಲಸವೆಂಬ ಕಾರಣಕ್ಕೆ ಸರ್ವರಿನ ಕೆಲಸಕ್ಕೆ ಬೇರೆ ಅಳತೆಗೋಲು ಸಲ್ಲದು. ಹೊರಗಿನವರಿಂದ ಕೆಲಸ ಮಾಡಿಸಿದಾಗ ಬಿಲ್ಲಿನ ಪಾವತಿಗೆ ಮುನ್ನ ಈ ಕೆಳಗಿನವುಗಳನ್ನು ಕೇಳಿ ನಡವಳಿಯಲ್ಲಿ ದಾಖಲಿಸುವುದು ಸೂಕ್ತ:

• ಪರೀಕ್ಷಾ ಆಜ್ಞೆಯನ್ನು ಗ್ರಂಥಾಲಯ ಮೇಲ್ವಿಚಾರಕರ ಎದುರಿನಲ್ಲಿ ನಡೆಸಿ ತೋರಿಸಲಾಗಿದೆಯೇ?
• ಗಣಕಯಂತ್ರವನ್ನು ಒಮ್ಮೆ ಪೂರ್ತಿ ಆರಿಸಿ, ಮತ್ತೆ ಚಾಲನೆ ಮಾಡಿ ನೋಡಲಾಗಿದೆಯೇ?
• ಹಳೆಯ ಕಡತದ ಪ್ರತಿ ಎಲ್ಲಿದೆ? ಯಂತ್ರದ ಹೊರಗೆ, ಪೆನ್‌ಡ್ರೈವಿನಲ್ಲಿಯೂ ಒಂದು ಪ್ರತಿಯಿದೆಯೇ?
• ಆಡಳಿತ ಗುಪ್ತಪದವು ಪಂಚಾಯತಿಯ ಬಳಿ, ಮೊಹರು ಮಾಡಿದ ಲಕೋಟೆಯಲ್ಲಿ ಇದೆಯೇ? ಕೆಲಸ ಮಾಡಿದವರ ಬಳಿ ಮಾತ್ರ ಇದ್ದರೆ ಆ ಯಂತ್ರ ನಮ್ಮದಾಗಿ ಉಳಿಯದು.
• ಪೂರ್ಣ ಸಂರಚನೆಯ ಮುದ್ರಿತ ಪ್ರತಿ ಕಡತದಲ್ಲಿ ಸೇರಿದೆಯೇ? ಪರೀಕ್ಷಾ ಆಜ್ಞೆಯಲ್ಲಿ ‘ಟಿ’ ಅಕ್ಷರವನ್ನು ದೊಡ್ಡಕ್ಷರದಲ್ಲಿ ಕೊಟ್ಟರೆ ಪರೀಕ್ಷೆಯೊಂದಿಗೆ ಇಡೀ ಸಂರಚನೆಯೂ ಪರದೆಯ ಮೇಲೆ ಬರುತ್ತದೆ, ಅದನ್ನೇ ಮುದ್ರಿಸಿಕೊಳ್ಳಬಹುದು.

ಈ ಐದು ಪ್ರಶ್ನೆಗಳಿಗೆ ಎಂಜಿನಿಯರಿಂಗ್ ಪದವಿಯ ಅಗತ್ಯವಿಲ್ಲ. ಉತ್ತರ ಹೌದು ಅಥವಾ ಇಲ್ಲ ಎಂದೇ ಬರಬೇಕು. ‘ಅದು ತಾಂತ್ರಿಕ ವಿಷಯ, ತಮಗೆ ತಿಳಿಯದು’ ಎಂಬ ಉತ್ತರ ಬಂದಲ್ಲಿ, ಪರೀಕ್ಷೆಯನ್ನು ತಮ್ಮೆದುರಿಗೆ ನಡೆಸಿ ತೋರಿಸುವವರೆಗೆ ಬಿಲ್ಲನ್ನು ಮುಂದಿನ ಸಭೆಗೆ ಕಾಯ್ದಿರಿಸಬಹುದು. ಆ ಆಜ್ಞೆಗೆ ತಗಲುವ ಸಮಯ ಕೆಲವೇ ಕ್ಷಣಗಳು.