ಲಿಫ್ಟ್ ಕೇಳೋ ಮುನ್ನ ಒಂದು ಲೆಕ್ಕ

ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಬೇಕು, ಬಸ್ಸು ಈಗಷ್ಟೇ ಹೋಯ್ತು ಅಂದ್ಕೊಳ್ಳಿ. "ಅಣ್ಣಾ, ಮೇಲೆ ತನಕ ಬಿಡ್ತೀರಾ?" ಅಂತ ಕೈ ಅಡ್ಡ ಹಾಕೋದು ನಮಗೇನು ಹೊಸದಲ್ಲ. ದುಡ್ಡು ಉಳಿಯುತ್ತೆ, ಊರಿನವರ ಜೊತೆ ನಾಲ್ಕು ಮಾತೂ ಆಗುತ್ತೆ. ಮನೆಯಲ್ಲಿ "ಅಪಾಯ ಅಲ್ವೇನೋ?" ಅಂದ್ರೆ ನಮ್ಮ ಉತ್ತರ "ಏನೂ ಆಗಲ್ಲ ಬಿಡಮ್ಮ". ಇಂಜಿನಿಯರಿಂಗ್ ಓದುವವರಿಗೆ ಇಷ್ಟು ಉತ್ತರ ಸಾಲದು. ಅಪಾಯ ತೂಗುವುದಕ್ಕೆ ನಮ್ಮ ಬಳಿ ಒಂದು ಸಾಧನವಿದೆ: ಎಫ್‌ಎಂಇಎ.

ಸಾಧನದ ಪರಿಚಯ

1949ರಲ್ಲಿ ಅಮೆರಿಕದ ಸೇನೆ ರೂಪಿಸಿದ ಈ ವಿಧಾನವನ್ನು ಮುಂದೆ ವಾಹನ ಉದ್ಯಮ ಬೆಳೆಸಿತು. ಪ್ರತಿ ವೈಫಲ್ಯಕ್ಕೂ 1ರಿಂದ 10ರವರೆಗೆ ಮೂರು ಅಂಕ ಕೊಡಬೇಕು: ಪೆಟ್ಟು ಎಷ್ಟು ದೊಡ್ಡದು (ತೀವ್ರತೆ), ಎಷ್ಟು ಸಲ ಆಗಬಹುದು (ಸಂಭವ), ಮೊದಲೇ ಗೊತ್ತಾಗುವುದು ಎಷ್ಟು ಕಷ್ಟ (ಪತ್ತೆ). ಮೂರನ್ನೂ ಗುಣಿಸಿದರೆ ಆರ್‌ಪಿಎನ್. ಕೆಳಗಿನ ಅಂಕಗಳು ಕೇವಲ ನನ್ನ ಅಂದಾಜು, ಹೋಲಿಕೆಗಾಗಿ ಮಾತ್ರ.

- ಹಗಲು, ಕುಟುಂಬ ಇರುವ ಕಾರು, ಸೀಟ್ ಬೆಲ್ಟ್ ಹಾಕಿ: 7×2×3 = 42
- ಹಗಲು, ಬೈಕ್, ಹಿಂದೆ ಕೂತವರಿಗೆ ಹೆಲ್ಮೆಟ್ ಇಲ್ಲ: 9×4×3 = 108
- ರಾತ್ರಿ, ನಾವು ಒಬ್ಬರೇ, ಅಪರಿಚಿತರು ನಾಲ್ವರಿರುವ ಕಾರು: 10×2×8 = 160

ಲೆಕ್ಕ ಹೇಳುವುದೇನು?

ಒಂದು: ಲಿಫ್ಟ್ ಅಂದ ಕೂಡಲೇ ನಾವು ಹೆದರುವುದು ಕಳ್ಳರಿಗೆ. ಅಪಘಾತ ಲೆಕ್ಕಕ್ಕೇ ಬರಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ; ಹತ್ತರಲ್ಲಿ ಸುಮಾರು ಏಳು ಸಾವಿಗೆ ಕಾರಣ ಅತಿವೇಗ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಒಳ್ಳೆ ಮನಸ್ಸಿನ ಅಣ್ಣ ಒಳ್ಳೆ ಡ್ರೈವರೇ ಆಗಿರಬೇಕು ಅಂತೇನಿಲ್ಲ.

ಎರಡು: ಗುಣಲಬ್ಧ ಚಿಕ್ಕದು ಅಂತ ಸಮಾಧಾನಪಡಬೇಡಿ. ತೀವ್ರತೆ 9 ಅಥವಾ 10 ಇದ್ದರೆ ಅದನ್ನು ಪ್ರತ್ಯೇಕವಾಗಿಯೇ ನೋಡಬೇಕು. ಸರಕು ಟೆಂಪೋದ ಹಿಂದೆ ನಿಂತು ಹೋಗುವುದು ಇಂಥದ್ದು. ಅದು ಕಾನೂನಿಗೂ ವಿರುದ್ಧ. ಸರಕು ವಾಹನದಲ್ಲಿ ಪುಕ್ಕಟೆ ಹೋಗುವ ಪ್ರಯಾಣಿಕನಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ.

ಮೂರು: ಎಲ್ಲರ ಪಟ್ಟಿಯೂ ಒಂದೇ ಅಲ್ಲ. ಹುಡುಗರ ಗುಂಪಿಗೆ 42 ಬಂದ ಪ್ರಯಾಣ ಒಬ್ಬಳೇ ಇರುವ ಗೆಳತಿಗೆ 42 ಆಗಿರಲ್ಲ. ತಪ್ಪು ಅವಳದಲ್ಲ, ಆದರೂ ಪಟ್ಟಿ ಸುಳ್ಳು ಹೇಳಬಾರದು. "ನಾವು ಹೋಗಿದ್ವಲ್ಲ, ನೀನೂ ಬಾ" ಅಂತ ಒತ್ತಾಯ ಮಾಡುವುದು ಬೇಡ.

ನಮ್ಮ ಕೈಯಲ್ಲಿರುವುದು

ರಸ್ತೆಯ ಸಂಭವ ನಮ್ಮ ಹಿಡಿತದಲ್ಲಿಲ್ಲ, ಪತ್ತೆ ಇದೆ. ನಾವು ಹೋಗುವ ಊರು ಹೇಳುವ ಮೊದಲು "ಎಲ್ಲಿಗೆ ಹೊರಟಿದ್ದೀರಿ ಸರ್?" ಅಂತ ಕೇಳಿ. ಅಷ್ಟರಲ್ಲಿ ಕುಡಿದ ವಾಸನೆ, ಮಾತಿನ ಧಾಟಿ, ಒಳಗೆ ಎಷ್ಟು ಜನ ಎಲ್ಲಾ ಗೊತ್ತಾಗುತ್ತೆ. ಗಾಡಿ ನಂಬರ್ ಫೋಟೋ ಹತ್ತುವ ಮೊದಲೇ ಮನೆಗೆ ಕಳಿಸಿ, ಘಾಟಿ ನಡುವೆ ನೆಟ್‌ವರ್ಕ್ ನಂಬೋಕಾಗಲ್ಲ. ಬ್ಯಾಗ್ ಡಿಕ್ಕಿಯಲ್ಲಿಡದೆ ತೊಡೆ ಮೇಲಿಟ್ಟುಕೊಳ್ಳಿ, ಬೇಕಾದಾಗ ಇಳಿಯಬಹುದು. ತುರ್ತಿಗೆ 112.

ಆದರೆ ಇದಷ್ಟೂ ಕೆಲಸಕ್ಕೆ ಬರಬೇಕಾದರೆ "ಬೇಡ ಅಣ್ಣಾ, ನೀವು ಹೊರಡಿ" ಅನ್ನುವ ಸ್ಥಿತಿಯಲ್ಲಿ ನಾವಿರಬೇಕು. ಕೊನೆ ಬಸ್ಸು ಹೋದ ಮೇಲೆ ಕತ್ತಲಲ್ಲಿ ನಿಂತವರಿಗೆ ವಾಸನೆ ಬಂದರೂ "ಸ್ವಲ್ಪನೇ ಕುಡಿದಿರಬೇಕು" ಅನಿಸುತ್ತೆ. ಅಲ್ಲಿಗೆ ಪತ್ತೆಯ ಅಂಕ ವ್ಯರ್ಥ. ಹಾಗಾಗಿ ನಿಯಮ ಒಂದೇ: ಇನ್ನೊಂದು ಬಸ್ಸು ಬಾಕಿ ಇರುವಾಗ ಮಾತ್ರ ಲಿಫ್ಟ್ ಕೇಳಿ. ಅದರ ಚಾರ್ಜು ಜೇಬಿನಲ್ಲಿ ಬೇರೆಯಾಗೇ ಇರಲಿ.

ಅಭ್ಯಾಸ: ನಿಮ್ಮ ಮುಂದಿನ ಟ್ರೆಕ್‌ಗೆ ಇದೇ ಪಟ್ಟಿ ಹಾಕಿ. ಮೊದಲ ಸಾಲಿನಲ್ಲಿ ಕೊನೆ ಬಸ್ಸಿನ ಸಮಯ ಬರೆಯಿರಿ.