ಬೂಸಾ ಡಬ್ಬಿಯಲ್ಲಿ ನುಸಿ

ಗಾಬರಿಯಾಗಬೇಡಿ. ಗೆಕೊಗೆ ತಿನ್ನಿಸಲು ಮೀಲ್‌ವರ್ಮ್ ಹುಳು ಸಾಕುವ ಬೂಸಾ ಡಬ್ಬಿಯ ಅಂಚಿನಲ್ಲಿ ಮೈದಾ ಉದುರಿದಂತೆ ಕಂಡು, ದಿಟ್ಟಿಸಿದರೆ ಮೆಲ್ಲಗೆ ಸರಿದಾಡುವುದು ಧಾನ್ಯದ ನುಸಿ. ಅದು ನಿಮ್ಮ ಲೆಪರ್ಡ್ ಗೆಕೊದ ರಕ್ತ ಹೀರುವುದಿಲ್ಲ. ರಕ್ತ ಹೀರುವ ನುಸಿ ಸಾಮಾನ್ಯವಾಗಿ ಕಪ್ಪಗಿದ್ದು, ಕಣ್ಣಂಚಿನಲ್ಲಿ, ಚರ್ಮದ ಮಡಿಕೆಯಲ್ಲಿ ಕೂರುತ್ತದೆ.

ಧಾನ್ಯದ ನುಸಿಗೆ ಮೂಲ ತೇವ. ಮೀಲ್‌ವರ್ಮ್‌ಗಳನ್ನು ಜರಡಿ ಹಿಡಿದು ಒಣ ಡಬ್ಬಿಗೆ ಹಾಕಿ, ಹಳೆಯ ಬೂಸಾ ಕಟ್ಟಿ ಎಸೆಯಿರಿ. ಹೊಸ ಗೋಧಿ ಬೂಸಾವನ್ನು 3 ದಿನ ಫ್ರೀಜರ್‌ನಲ್ಲಿಟ್ಟು, ಹೊರತೆಗೆದು ಚೆನ್ನಾಗಿ ಒಣಗಿಸಿ ಬಳಸಿ. ಕ್ಯಾರೆಟ್ ಹೋಳು ಬೆಳಿಗ್ಗೆ ಹಾಕಿದ್ದನ್ನು ಸಂಜೆಗೆ ತೆಗೆದುಬಿಡಿ.

ನನ್ನ ಚಿಂತೆ ಬೇರೆಯದು. ಗೆಕೊ ತಿನ್ನದೆ ಉಳಿಸಿದ ಹುಳುಗಳು ರಾತ್ರಿಯಿಡೀ ಗೂಡಿನಲ್ಲೇ ಇರುತ್ತವೆ ಎಂದು ಬರೆದಿದ್ದೀರಿ. ಅವು ಗೆಕೊದ ಹಿಕ್ಕೆ ಮೆದ್ದರೆ, ಅದರಲ್ಲಿರಬಹುದಾದ ಪಿನ್‌ವರ್ಮ್ ಎಂಬ ಕರುಳಿನ ಹುಳುವಿನ ಮೊಟ್ಟೆ, ಆ ಮೀಲ್‌ವರ್ಮ್‌ಗಳನ್ನು ತಿಂದಾಗ ಮತ್ತೆ ಗೆಕೊದ ಹೊಟ್ಟೆಗೇ ಹೋಗುತ್ತದೆ. ದಪ್ಪಗಿದ್ದ ಬಾಲ ಸೊರಗಿದರೆ ತಡಮಾಡದೆ ತಾಜಾ ಹಿಕ್ಕೆಯೊಂದಿಗೆ ಪಶುವೈದ್ಯರನ್ನು ಕಾಣಿ.